ಹಳೇ ಇಂಡಿಕಾ, ಹಳದಿ ಬೋರ್ಡ್, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಹತ್ತಿರ ಬಂತು. ಈ ಹೊಗೆಗೆ ಏನು ಮಾಡಲಿ?

ಹುಲಿಗಿ_ಜೆರಾಕ್ಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಗಾಡಿ ನನ್ನದಲ್ಲ, ಅಪ್ಪನದು. 2012ರ ಇಂಡಿಕಾ ವಿ2 ಡೀಸೆಲ್, ಕೆಎ 37, ಹಳದಿ ಬೋರ್ಡ್. ಮುನಿರಾಬಾದ್ ಸ್ಟೇಷನ್‌ನಿಂದ ಹುಲಿಗೆಮ್ಮನ ಗುಡಿ, ಅಲ್ಲಿಂದ ಡ್ಯಾಂ, ಅಂಜನಾದ್ರಿ, ಹಂಪಿ. ಇದೇ ಅದರ ಜೀವನ. ಹುಣ್ಣಿಮೆ ಬಂದರೆ ಅಪ್ಪನಿಗೂ ಗಾಡಿಗೂ ಊಟಕ್ಕೆ ಬಿಡುವಿಲ್ಲ.

ಎಂಟು ವರ್ಷ ದಾಟಿದ ಟ್ಯಾಕ್ಸಿಗೆ ಪ್ರತಿ ವರ್ಷ ಎಫ್‌ಸಿ ಅಲ್ವಾ. ಇಷ್ಟು ದಿನ ಅಪ್ಪನೇ ಬೆಳಿಗ್ಗೆ ಗಾಡಿ ತೊಳೆದು, ಕುಂಕುಮ ಹಚ್ಚಿ, ಕೊಪ್ಪಳಕ್ಕೆ ಹೋಗಿ ಮಾಡಿಸಿಕೊಂಡು ಬರುತ್ತಿದ್ದರು. ಮನೆಯಲ್ಲಿ ನಮಗೆ ಅದರ ಸುದ್ದಿಯೇ ಇರುತ್ತಿರಲಿಲ್ಲ. ಈ ಸಲ ಅವರಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಧೂಳಿಗೆ ಹೋಗಬೇಡಿ, ಬಗ್ಗಬೇಡಿ, ಭಾರ ಎತ್ತಬೇಡಿ ಎಂದಿದ್ದಾರೆ ಡಾಕ್ಟರ್. ಎಫ್‌ಸಿ ಮಾತ್ರ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಕೆಲಸ ನನ್ನ ತಲೆಗೆ ಬಂತು.

ಕಾಗದದ ಕಡೆ ನನಗೆ ಭಯ ಇಲ್ಲ. ನನ್ನದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ. ಊರಿನವರ ಇನ್ಶೂರೆನ್ಸ್, ಟ್ಯಾಕ್ಸ್, ಹಳೇ ದಂಡ ಎಲ್ಲ ನೋಡಿ ಕೊಡುವವಳು ನಾನೇ. ನಮ್ಮ ಗಾಡಿಯ ಎಲ್ಲವೂ ಚಾಲ್ತಿಯಲ್ಲಿದೆ. ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸಿದೆ. ಪ್ಯಾನಿಕ್ ಬಟನ್, ಲೊಕೇಶನ್ ಡಿವೈಸ್ ಕೂಡ ಕೂತಿದೆ.

ತೊಂದರೆ ಹೊಗೆಯದು. ಹಳೇ ಎಮಿಷನ್ ಸರ್ಟಿಫಿಕೇಟ್ ಅವಧಿ ಮುಗಿದಿತ್ತು ಎಂದು ಹೊಸದು ಮಾಡಿಸಲು ಹೋದೆ. ಹುಡುಗ ಸೈಲೆನ್ಸರ್ ಬಾಯಿಗೆ ಪೈಪ್ ತೂರಿಸಿ, ಫುಲ್ ರೇಸ್ ಕೊಡಿ ಅಂದ. ಕೊಟ್ಟೆ. ಹೊಗೆ ಎಷ್ಟು ದಟ್ಟ ಎಂದು ಅಳೆಯುವ ಮೀಟರ್ 78 ತೋರಿಸಿತು. ಲಿಮಿಟ್ 65 ಅಂತೆ. "ಫೇಲ್ ಎಂಟ್ರಿ ಹಾಕಲ್ಲ, ಗಾಡಿ ಸರಿ ಮಾಡಿಸಿಕೊಂಡು ಬನ್ನಿ ಅಕ್ಕಾ" ಎಂದು ಕಳಿಸಿದ. ಹಿಂದೆ ನಿಂತಿದ್ದ ಆಟೊದವನ ಅಂಗಿ ನೋಡಿ ನನಗೇ ನಾಚಿಕೆ ಆಯಿತು.

ಅಪ್ಪನನ್ನು ಕೇಳಿದರೆ "ಇಂಜಿನ್ ಕಲ್ಲು ಇದ್ದ ಹಾಗಿದೆ, ಏನೂ ಆಗಿಲ್ಲ" ಅನ್ನುತ್ತಾರೆ. ಪಕ್ಕದ ಮನೆಯವರು ಇಂಜಿನ್ ಬಿಚ್ಚಿಸಬೇಕು, 40 ಸಾವಿರ ಬೇಕು ಅನ್ನುತ್ತಾರೆ. ಗಾಡಿ ಮಾರಿದರೇ ಅಷ್ಟು ಬರುತ್ತದೋ ಇಲ್ಲವೋ.

ನನ್ನ ಪ್ರಶ್ನೆ ಎರಡು. ಹೊಗೆ ಕಡಿಮೆ ಮಾಡಲು ಮೊದಲು ಏನು ನೋಡಿಸಬೇಕು? ಮತ್ತೆ, ಆರ್‌ಟಿಒದ ಬ್ರೇಕ್ ಇನ್‌ಸ್ಪೆಕ್ಟರ್ (ವಾಹನ ನಿರೀಕ್ಷಕರು) ಗಾಡಿ ನೋಡುವಾಗ ಏನೇನು ಹಿಡಿಯುತ್ತಾರೆ? ಏಜೆಂಟ್ ಹಿಡಿ ಎಂದು ಹೇಳಬೇಡಿ. ನಮ್ಮ ಅಂಗಡಿ ಎದುರಿಗೇ ಒಬ್ಬರು ಕೂರುತ್ತಾರೆ, ಅವರ ರೇಟ್ ನನಗೆ ಗೊತ್ತು.

ಸಿರುಗುಪ್ಪ_ಸವಾರಿ:

ಅಕ್ಕಾ, ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಟ್ಯಾಂಕ್‌ನಲ್ಲಿ ಡೀಸೆಲ್ ಕಡಿಮೆ ಇರುವಾಗ ಎರಡು ಲೀಟರ್ ಸೀಮೆಎಣ್ಣೆ ಹಾಕಿ, ಹೊಗೆ ತೆಳ್ಳಗಾಗುತ್ತದೆ. ಟೆಸ್ಟ್ ಮುಗಿದ ಮೇಲೆ ಮತ್ತೆ ಡೀಸೆಲ್ ತುಂಬಿಸಿ. ನಮ್ಮ ಕಡೆ ಗದ್ದೆ ಟ್ರ್ಯಾಕ್ಟರ್‌ನವರೆಲ್ಲ ಮಾಡುತ್ತಾರೆ. ಇನ್ನು ಟ್ಯಾಕ್ಸಿ ಡ್ರೈವರ್ ಬ್ಯಾಡ್ಜ್ ಇಲ್ಲದೆ ನೀವು ಹಳದಿ ಬೋರ್ಡ್ ಓಡಿಸಿಕೊಂಡು ಆರ್‌ಟಿಒ ಆಫೀಸಿಗೇ ಹೋದರೆ ಅಲ್ಲೇ ಹಿಡಿಯುತ್ತಾರೆ. ಯಾರಾದರೂ ಡ್ರೈವರ್ ಕರೆದುಕೊಂಡು ಹೋಗಿ.

ನಾಜಲ್_ಬಳ್ಳಾರಿ:

ತಂಗಿ, ಮೇಲಿನ ಸೀಮೆಎಣ್ಣೆ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ನಿಮ್ಮ ಗಾಡಿಯ ಡೀಸೆಲ್ ಪಂಪಿನ ಒಳಗೆ ಬೇರೆ ಆಯಿಲ್ ಇರುವುದಿಲ್ಲ. ಹರಿಯುವ ಡೀಸೆಲ್ಲೇ ಅದಕ್ಕೆ ಎಣ್ಣೆ. ಸೀಮೆಎಣ್ಣೆಗೆ ಆ ಜಿಡ್ಡು ಇಲ್ಲ. ಒಳಗಿನ ಪ್ಲಂಜರ್ ಒಣಗಿ ಉಜ್ಜಿ ಗೆರೆ ಬೀಳುತ್ತದೆ. ಟೆಸ್ಟ್ ಪಾಸಾಗಬಹುದು, ಆಮೇಲೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಅಂಥ ಪಂಪ್‌ಗಳನ್ನು ಬಿಚ್ಚಿಯೇ ನನ್ನ ಹೊಟ್ಟೆ ತುಂಬಿದ್ದು. ಆದರೂ ಹೇಳುತ್ತೇನೆ, ಹಾಕಬೇಡಿ.

ನಾನು ಬಳ್ಳಾರಿಯಲ್ಲಿ ಡೀಸೆಲ್ ಪಂಪ್, ಇಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ನಾಜಲ್, ಇವುಗಳ ಕೆಲಸ ಮಾಡುವವನು. ಹೊಗೆ ಎಂದ ಕೂಡಲೇ ಇಂಜಿನ್ ಬಿಚ್ಚಿಸಿ ಅನ್ನುವವರು ನಿಮ್ಮ ಹೊಗೆಯ ಬಣ್ಣ ಕೇಳಿದರಾ? ಕೇಳಿರಲ್ಲ. ಬಣ್ಣವೇ ಎಲ್ಲ ಹೇಳುತ್ತದೆ.

ಮನೆ ಮುಂದೆ ಗಾಡಿ ಚೆನ್ನಾಗಿ ಬಿಸಿ ಆದ ಮೇಲೆ ಯಾರನ್ನಾದರೂ ಆಕ್ಸಿಲರೇಟರ್ ಮೇಲೆ ಕೂರಿಸಿ. ನೀವು ಒಂದು ಹಳೇ ಬಿಳಿ ಬಟ್ಟೆಯನ್ನು ಸೈಲೆನ್ಸರ್‌ನಿಂದ ಗೇಣು ದೂರ ಹಿಡಿಯಿರಿ. ರೇಸ್ ಕೊಡಿಸಿ. ಬಟ್ಟೆ ಮೇಲೆ ಒಣ ಕರಿ ಪುಡಿ ಕೂತರೆ, ಕೊಡವಿದರೆ ಉದುರಿದರೆ, ಅದು ಸರಿಯಾಗಿ ಉರಿಯದ ಡೀಸೆಲ್. ಗಾಳಿ ಕಡಿಮೆ, ಇಲ್ಲ ಡೀಸೆಲ್ ಜಾಸ್ತಿ, ಇಲ್ಲ ನಾಜಲ್ ಸರಿಯಾಗಿ ಸಿಂಪಡಿಸುತ್ತಿಲ್ಲ. ಇದಕ್ಕೆ ಇಂಜಿನ್ ಬಿಚ್ಚಬೇಕಾಗಿಲ್ಲ. ಬಟ್ಟೆ ಮೇಲೆ ಜಿಡ್ಡು ಜಿಡ್ಡಾದ ಕಲೆ, ಹೊಗೆ ನೀಲಿ, ತಿಂಗಳಿಗೊಮ್ಮೆ ಇಂಜಿನ್ ಆಯಿಲ್ ಸುರಿಯುತ್ತಿದ್ದೀರಿ ಎಂದರೆ ಮಾತ್ರ ಇಂಜಿನ್ ಒಳಗಿನ ರಿಂಗ್, ವಾಲ್ವ್ ಸೀಲ್ ಕಡೆ ನೋಡಬೇಕು. ಆಗ ಪಕ್ಕದ ಮನೆಯವರ ಮಾತು ನಿಜ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬಂದು ಆಮೇಲೆ ಹೋದರೆ ಹೀಟರ್ ಪ್ಲಗ್ ನೋಡಿಸಿ, ಅದು ಸಣ್ಣ ಖರ್ಚು.

ಕರಿ ಹೊಗೆಯೇ ಆಗಿದ್ದರೆ ಮೊದಲು ಏರ್ ಫಿಲ್ಟರ್. ನಿಮ್ಮ ಕಡೆ, ಹೊಸಪೇಟೆ, ಸಂಡೂರು, ತೋರಣಗಲ್ಲು ರಸ್ತೆಯಲ್ಲಿ ಓಡುವ ಗಾಡಿಯ ಫಿಲ್ಟರ್ ಬಿಚ್ಚಿದರೆ ಅರ್ಧ ಸಂಡೂರು ಗುಡ್ಡ ಒಳಗೇ ಇರುತ್ತದೆ. ಅದಿರಿನ ಧೂಳು ಬಹಳ ನುಣ್ಣಗೆ, ಕಾಗದದ ಮಡಿಕೆಯಲ್ಲಿ ಕೂತರೆ ಗಾಳಿ ಹೊಡೆದರೂ ಪೂರ್ತಿ ಹೋಗುವುದಿಲ್ಲ. ಕಂಪ್ರೆಸರ್ ಗಾಳಿ ಹೊಡೆಸಿ ಅದನ್ನೇ ಹಾಕಬೇಡಿ, ಹೊಸದು ಹಾಕಿಸಿ. ಫಿಲ್ಟರ್ ಡಬ್ಬಿಯಿಂದ ಇಂಜಿನ್‌ಗೆ ಹೋಗುವ ರಬ್ಬರ್ ಹೋಸ್ ಸೀಳಿದೆಯಾ ನೋಡಿ. ಜೊತೆಗೆ ಡೀಸೆಲ್ ಫಿಲ್ಟರ್, ಇಂಜಿನ್ ಆಯಿಲ್ ಬದಲಾಯಿಸಿ. ಎಷ್ಟೋ ಗಾಡಿಗೆ ಇಷ್ಟರಲ್ಲೇ ಹೊಗೆ ಅರ್ಧ ಇಳಿಯುತ್ತದೆ.

ಆಮೇಲೆ ನಾಜಲ್. ಬಿಚ್ಚಿ ಟೆಸ್ಟರ್‌ಗೆ ಹಾಕಿ ನೋಡುವ ಅಂಗಡಿಗೆ ಕೊಡಿ. ನೀವೇ ಪಕ್ಕದಲ್ಲಿ ನಿಂತು ನೋಡಿ. ಮೇಸ್ತ್ರಿ ಹ್ಯಾಂಡಲ್ ಒತ್ತಿದಾಗ ಟಕ್ ಎಂದು ಸದ್ದಾಗಿ ಸೆಂಟ್ ಬಾಟಲಿ ಒತ್ತಿದ ಹಾಗೆ ಮಂಜು ಬರಬೇಕು. ಹನಿ ಹನಿಯಾಗಿ ತೊಟ್ಟಿಕ್ಕಿದರೆ, ಒಂದು ಕಡೆಗೆ ಮಾತ್ರ ಉಗುಳಿದರೆ ಅದು ಹೋಗಿದೆ. ನಾಲ್ಕರಲ್ಲಿ ಎರಡು ಹೋಗಿದ್ದರೂ ಮೀಟರ್ ಮೇಲೇರುತ್ತದೆ.

ಕೊನೆಗೆ ಪಂಪ್. ಟ್ಯಾಕ್ಸಿ ಗಾಡಿಗಳಲ್ಲಿ ಪಿಕಪ್ ಬರಲಿ ಎಂದು ಯಾರೋ ಗ್ಯಾರೇಜ್ ಹುಡುಗ ಡೀಸೆಲ್ ಜಾಸ್ತಿ ಬಿಡುವ ಸ್ಕ್ರೂ ತಿರುಗಿಸಿರುತ್ತಾನೆ. ಅದರ ಮೇಲಿನ ಸೀಲ್ ಕಿತ್ತಿದ್ದರೆ ಕೈ ಆಡಿಸಿದ್ದಾರೆ ಎಂದು ಅರ್ಥ. ಅದನ್ನು ಬೆಂಚ್ ಮೇಲೆ ಇಟ್ಟು ಸರಿ ಮಾಡುವವರ ಹತ್ತಿರವೇ ಮಾಡಿಸಿ. ಕಿವಿಯಲ್ಲಿ ಕೇಳಿ ಸ್ಕ್ರೂ ತಿರುಗಿಸುವವರು ಬೇಡ.

ಒಂದು ಮಾತು ಮರೆಯಬೇಡಿ. ಹೊಗೆ ಟೆಸ್ಟ್‌ನಲ್ಲಿ ಆಕ್ಸಿಲರೇಟರ್ ತಳಕ್ಕೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಹಲವು ಸಲ ಮಾಡಿ ಸರಾಸರಿ ತೆಗೆಯುತ್ತಾರೆ. ನಿಮ್ಮ ಇಂಜಿನ್‌ನಲ್ಲಿ ಇರುವುದು ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್, ವಾಲ್ವ್ ತಾಳ ತಪ್ಪದಂತೆ ಓಡಿಸುವ ರಬ್ಬರ್ ಪಟ್ಟಿ. ಅದು ಯಾವಾಗ ಬದಲಾಯಿಸಿದ್ದು ಎಂದು ಅಪ್ಪನನ್ನು ಕೇಳಿ. ನೆನಪಿಲ್ಲ ಎಂದರೆ ಟೆಸ್ಟ್‌ಗೆ ಮುಂಚೆ ಬದಲಾಯಿಸಿ. ಫುಲ್ ರೇಸ್‌ನಲ್ಲಿ ಬೆಲ್ಟ್ ಕಿತ್ತರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಆಗ ನಿಜವಾಗಿಯೂ ಆ 40 ಸಾವಿರದ ಲೆಕ್ಕ ಶುರು.

ಟೆಸ್ಟ್‌ಗೆ ತಣ್ಣನೆ ಗಾಡಿ ಒಯ್ಯಬೇಡಿ. ಇಂಜಿನ್ ಆಯಿಲ್ 60 ಡಿಗ್ರಿಗೆ ಕಡಿಮೆ ಇಲ್ಲದಂತೆ ಬಿಸಿ ಇರಬೇಕು ಎಂಬುದು ನಿಯಮವೇ ಇದೆ. ಹೈವೇ ಮೇಲೆ ಮೂರನೇ ಗೇರ್‌ನಲ್ಲಿ ಸ್ವಲ್ಪ ಹೊತ್ತು ಎಳೆದು ಓಡಿಸಿ. ಊರೊಳಗೆ ಸ್ಟೇಷನ್, ಗುಡಿ ಎಂದು ಮೆಲ್ಲಗೆ ತಿರುಗಿದ ಗಾಡಿಯ ಸೈಲೆನ್ಸರ್‌ನಲ್ಲಿ ಕಾರ್ಬನ್ ಕೂತಿರುತ್ತದೆ. ಅದೆಲ್ಲ ರಸ್ತೆ ಮೇಲೆ ಹೋಗಲಿ, ಮೀಟರ್ ಒಳಗೆ ಬೇಡ.

ಹುಲಿಗಿ_ಜೆರಾಕ್ಸ್:

ಅಣ್ಣ, ಇಷ್ಟು ವಿವರವಾಗಿ ಬರೆದದ್ದಕ್ಕೆ ಬಹಳ ಉಪಕಾರ ಆಯಿತು. ಬಟ್ಟೆ ಹಿಡಿದೆ. ಅಪ್ಪನ ಹಳೇ ಬಿಳಿ ಪಂಚೆಯ ತುಂಡು. ಒಣ ಕರಿ ಪುಡಿ, ಕೊಡವಿದರೆ ಉದುರಿತು. ಆಯಿಲ್ ಸುರಿಯುವ ಕೆಲಸ ಇಲ್ಲ ಎಂದು ಅಪ್ಪ ಆಣೆ ಮಾಡಿ ಹೇಳುತ್ತಿದ್ದಾರೆ. ಬೆಲ್ಟ್ ಬಗ್ಗೆ ಕೇಳಿದರೆ "ಹಾಕಿಸಿದೆ, ಹಾಕಿಸಿದೆ" ಅನ್ನುತ್ತಾರೆ. ಯಾವ ವರ್ಷ ಎಂದರೆ ಉತ್ತರ ಇಲ್ಲ. ಹಾಗಾಗಿ ಬೆಲ್ಟ್ ಹೊಸದು ಹಾಕಿಸುವುದೇ ಎಂದು ತೀರ್ಮಾನ.

65 ಲಿಮಿಟ್ ನಮಗೆ ಸರಿಯೇ ಎಂದು ಆರ್‌ಸಿ ನೋಡಿದೆ, ಬಿಎಸ್-3 ಎಂದಿದೆ, ಅಂದರೆ ಹೊಗೆ ಮಾಲಿನ್ಯದ ಭಾರತ್ ಸ್ಟೇಜ್ ಮಟ್ಟಗಳಲ್ಲಿ ಮೂರನೇದು. ಬಿಎಸ್-4 ಆಗ ದೊಡ್ಡ ಊರುಗಳಲ್ಲಿ ಮಾತ್ರ ಇತ್ತು, ದೇಶಕ್ಕೆಲ್ಲ ಬಂದದ್ದು 2017ರ ಏಪ್ರಿಲ್‌ನಲ್ಲಿ. ಬಿಎಸ್-4 ಡೀಸೆಲ್ ಗಾಡಿಗೆ ಲಿಮಿಟ್ 50. ನನ್ನ ಅಂಗಡಿಗೆ ಬರುವವರಲ್ಲಿ ಎಷ್ಟೋ ಜನಕ್ಕೆ ತಮ್ಮದು ಯಾವುದು ಎಂದೇ ಗೊತ್ತಿರುವುದಿಲ್ಲ, ಅದಕ್ಕೆ ಬರೆದೆ.

ಸಿರುಗುಪ್ಪದ ಅಣ್ಣನಿಗೆ: ಲೈಸೆನ್ಸ್ ವಿಷಯ ನಿಮ್ಮ ಕಾಲದ್ದು. ನನ್ನ ಹತ್ತಿರ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದೆ. 7,500 ಕೆ.ಜಿ. ಒಳಗಿನ ಸಾರಿಗೆ ಗಾಡಿಯನ್ನು ಅದರಲ್ಲೇ ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಐದು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಇಂಡಿಕಾದ ತೂಕ ಅದರ ಕಾಲು ಭಾಗವೂ ಇಲ್ಲ. ತೀರ್ಪಿನ ಪ್ರಿಂಟ್ ಬೇಕಿದ್ದರೆ ಅಂಗಡಿಗೆ ಬನ್ನಿ, ಪುಟಕ್ಕೆ ಎರಡು ರೂಪಾಯಿ.

ಸಿರುಗುಪ್ಪ_ಸವಾರಿ:

ಆಯ್ತು ತಾಯಿ, ನಿಮ್ಮ ಜೊತೆ ವಾದ ಮಾಡಲ್ಲ. ಸೀಮೆಎಣ್ಣೆ ಮಾತ್ರ ನಮ್ಮ ಟ್ರ್ಯಾಕ್ಟರ್‌ಗೆ ಇವತ್ತಿಗೂ ಏನೂ ಮಾಡಿಲ್ಲ.

ನಾಜಲ್_ಬಳ್ಳಾರಿ:

ಟ್ರ್ಯಾಕ್ಟರ್ ಪಂಪ್ ಬೇರೆ, ಅದರಲ್ಲಿ ಕ್ಯಾಮ್ ಕಡೆಗೆ ಆಯಿಲ್ ಇರುವ ಪಂಪ್‌ಗಳೂ ಬರುತ್ತವೆ. ಕಾರಿನದು ಹಾಗಲ್ಲ. ಬಳ್ಳಾರಿಗೆ ಬಂದಾಗ ತೋರಿಸುತ್ತೇನೆ ಬನ್ನಿ, ಚಹಾ ನನ್ನದು.

ಶಕ್ತಿನಗರ_ಸ್ಟೀರಿಂಗ್:

ನಾಜಲ್ ಅಣ್ಣ ಹೊಗೆಯ ಪೂಜೆ ಮುಗಿಸಿದ್ದಾರೆ. ನಾನು ಎರಡನೇ ಪ್ರಶ್ನೆಗೆ ಬರುತ್ತೇನೆ. ರಾಯಚೂರಿನ ಕಡೆ ಹಳದಿ ಬೋರ್ಡ್ ಓಡಿಸಿಯೇ ತಲೆ ಬೆಳ್ಳಗಾಗಿದೆ. ನನ್ನ ಕಣ್ಣಿಗೆ ಬಿದ್ದ ಮಟ್ಟಿಗೆ ಎಫ್‌ಸಿ ದಿನ ಗಾಡಿ ವಾಪಸ್ ಹೋಗುವುದು ಇಂಜಿನ್ನಿಂದ ಅಲ್ಲ, ಬಲ್ಬಿನಿಂದ.

ಹಿಂದಿನ ರಾತ್ರಿ ಕತ್ತಲಾದ ಮೇಲೆ ಗಾಡಿಯನ್ನು ಗೋಡೆ ಮುಂದೆ ನಿಲ್ಲಿಸಿ. ಎಲ್ಲ ಲೈಟ್ ಹಾಕಿ ಸುತ್ತ ಒಂದು ಸುತ್ತು ಬನ್ನಿ. ಬ್ರೇಕ್ ಲೈಟ್, ರಿವರ್ಸ್ ಲೈಟ್, ನಾಲ್ಕೂ ಇಂಡಿಕೇಟರ್, ಮುಖ್ಯವಾಗಿ ಹಿಂದಿನ ನಂಬರ್ ಪ್ಲೇಟ್ ಮೇಲಿನ ಸಣ್ಣ ಬಲ್ಬ್. ಅದು ಯಾರ ಗಾಡಿಯಲ್ಲೂ ಉರಿಯುವುದಿಲ್ಲ, ಯಾರೂ ನೋಡಿರುವುದೂ ಇಲ್ಲ. ಹೆಡ್‌ಲೈಟ್ ಬೆಳಕು ಗೋಡೆ ಮೇಲೆ ಒಂದು ಮೇಲೆ ಒಂದು ಕೆಳಗೆ ಬಿದ್ದರೆ ಸ್ಕ್ರೂನಲ್ಲಿ ಸರಿ ಮಾಡಿಸಿ. ನಮ್ಮ ಬಿಸಿಲಿಗೆ ಹೆಡ್‌ಲೈಟ್ ಗ್ಲಾಸ್ ಹಳದಿ ತಿರುಗಿರುತ್ತದೆ. ಪೇಂಟ್ ಅಂಗಡಿಯವರಿಂದ ರಬ್ಬಿಂಗ್ ಮಾಡಿಸಿ, ಹೊಸದು ಕೊಳ್ಳಬೇಡಿ.

ಟೈರ್. ಕಾರಿಗೆ ಗುಂಡಿ 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಟೈರ್ ಗೆರೆಯೊಳಗೆ ಸಣ್ಣ ಉಬ್ಬು ಇರುತ್ತದೆ, ರಬ್ಬರ್ ಅದರ ಮಟ್ಟಕ್ಕೆ ಬಂದರೆ ಟೈರ್ ಮುಗಿದ ಹಾಗೆ. ಸ್ಟೆಪ್ನಿ ಕೂಡ ನೋಡುತ್ತಾರೆ, ಗಾಳಿ ತುಂಬಿಸಿ ಇಡಿ.

ಸ್ಟೀರಿಂಗ್. ಗಾಡಿ ನಿಲ್ಲಿಸಿ, ಚಕ್ರ ಅಲುಗಾಡುವ ತನಕ ಸ್ಟೀರಿಂಗ್ ಎಷ್ಟು ತಿರುಗುತ್ತದೆ ನೋಡಿ. 30 ಡಿಗ್ರಿ ದಾಟಬಾರದು ಎಂದು ರೂಲ್. ಗಡಿಯಾರದಲ್ಲಿ 12ರಿಂದ 1ರ ತನಕ ಎಂದು ಇಟ್ಟುಕೊಳ್ಳಿ. ಅಷ್ಟು ಸಡಿಲ ಇದ್ದರೆ ಎಫ್‌ಸಿ ಬಿಡಿ, ಅಪ್ಪನನ್ನು ಅದರಲ್ಲಿ ಕಳಿಸಲೇಬೇಡಿ. ಟೈ ರಾಡ್ ಎಂಡ್, ಬಾಲ್ ಜಾಯಿಂಟ್ ನೋಡಿಸಿ. ಹ್ಯಾಂಡ್ ಬ್ರೇಕ್ ಬಗ್ಗೆ ಹೇಳಬೇಕಿಲ್ಲ. ನಮ್ಮ ಕಡೆ ಊರೆಲ್ಲ ಸಪಾಟು, ಯಾರೂ ಹ್ಯಾಂಡ್ ಬ್ರೇಕ್ ಎಳೆಯುವುದಿಲ್ಲ. ಕೇಬಲ್ ತುಕ್ಕು ಹಿಡಿದು ಕೂತಿರುತ್ತದೆ. ಡ್ಯಾಂ ಏರಿನಲ್ಲಿ ನಿಲ್ಲಿಸಿ ಎಳೆದು ನೋಡಿ, ನಿಂತರೆ ಪಾಸ್.

ಗ್ಲಾಸಿಗೆ ಕಪ್ಪು ಫಿಲ್ಮ್ ಇದ್ದರೆ ಕೀಳಿಸಿ, 2012ರಲ್ಲೇ ಸುಪ್ರೀಂ ಕೋರ್ಟ್ ಬೇಡ ಎಂದಿದೆ. ಮುಂದೆ ಕಬ್ಬಿಣದ ಗಾರ್ಡ್ ಇದ್ದರೆ ಬಿಚ್ಚಿ ಮನೆಯಲ್ಲಿಡಿ. ರಿಫ್ಲೆಕ್ಟರ್ ಟೇಪ್ ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ. ಫಸ್ಟ್ ಏಡ್ ಡಬ್ಬಿ ಖಾಲಿ ಇಡಬೇಡಿ, ತೆಗೆದು ನೋಡುವವರೂ ಇದ್ದಾರೆ. ಬೆಂಕಿ ಆರಿಸುವ ಸಿಲಿಂಡರ್ ಮೇಲೆ ಅವಧಿ ನೋಡಿ. ನಾಲ್ಕೂ ಸೀಟ್ ಬೆಲ್ಟ್ ಸಿಕ್ಕಬೇಕು. ಹಿಂದಿನವು ಸೀಟ್ ಕೆಳಗೆ ಹೋಗಿ ಬಿದ್ದಿರುತ್ತವೆ, ಕಡಲೆಕಾಯಿ ಸಿಪ್ಪೆ ಜೊತೆ.

ಚಾಸಿ ನಂಬರ್ ಕೊರೆದ ಜಾಗ ಗ್ರೀಸ್, ಕೆಂಪು ಮಣ್ಣಿನಲ್ಲಿ ಮುಚ್ಚಿರುತ್ತದೆ. ಡೀಸೆಲ್ ಹಾಕಿದ ಬಟ್ಟೆಯಿಂದ ಒರೆಸಿ ಇಡಿ. ತಂತಿ ಬ್ರಷ್, ಉಪ್ಪುಕಾಗದ ಹಾಕಿ ಉಜ್ಜಬೇಡಿ, ಅಂಕಿ ಸವೆದರೆ ಇನ್ನೊಂದು ರಾಮಾಯಣ. ಅದರ ಮೇಲೆ ಟೇಪ್ ಅಂಟಿಸಿ ಪೆನ್ಸಿಲ್‌ನಿಂದ ಉಜ್ಜಿದರೆ ಅಚ್ಚು ಬರುತ್ತದೆ. ಕೇಳಿದರೆ ಕೊಡಬಹುದು.

ಕೊನೆಯದು. ಬೇಡ ಎಂದು ವಾಪಸ್ ಕಳಿಸಿದರೆ ಬಾಯಿಮಾತಿನಲ್ಲಿ ಕೇಳಿಕೊಂಡು ಬರಬೇಡಿ. ಎಫ್‌ಸಿ ಕೊಡದಿದ್ದರೆ ಕಾರಣ ಬರೆದು ಕೊಡಬೇಕು ಎಂದು ಮೋಟಾರು ವಾಹನ ಕಾಯ್ದೆಯ 56ನೇ ಸೆಕ್ಷನ್‌ನಲ್ಲೇ ಇದೆ. ಜಗಳ ಮಾಡಬೇಡಿ, "ಬರೆದು ಕೊಡಿ ಸರ್, ಮೇಸ್ತ್ರಿಗೆ ತೋರಿಸಬೇಕು" ಎಂದು ಕೇಳಿ. ಬರೆದದ್ದು ಕೈಯಲ್ಲಿದ್ದರೆ ಅಷ್ಟನ್ನೇ ಸರಿ ಮಾಡಿಸಿದರೆ ಸಾಕು. ಇಲ್ಲದಿದ್ದರೆ ಎರಡನೇ ಸಲ ಹೊಸ ಕಾರಣ ಹುಟ್ಟುತ್ತದೆ.

ಗಂಗಾವತಿ_ಭತ್ತ:

ಒಂದು ಸಣ್ಣ ವಿಷಯ. ಕೆಲಸಕ್ಕೆ ಎಂದು ಗಾಡಿಯ ಬ್ಯಾಟರಿ ಬಿಚ್ಚಿ ಇಟ್ಟಿದ್ದರೆ ಆ ಲೊಕೇಶನ್ ಡಿವೈಸ್ ಸತ್ತಿರುತ್ತದೆ. ನಮ್ಮ ಮಾಮನ ಗಾಡಿಗೆ ಹಾಗೇ ಆಗಿ ಅರ್ಧ ದಿನ ಕಾದದ್ದು. ಬ್ಯಾಟರಿ ಹಾಕಿದ ಮೇಲೆ ಸ್ವಲ್ಪ ಓಡಾಡಿಸಿ, ಆಫೀಸಿಗೆ ಹೋಗುವ ಮುಂಚೆ ಡಿವೈಸ್ ಹಾಕಿಕೊಟ್ಟವರಿಗೆ ಫೋನ್ ಮಾಡಿ ಲೈವ್ ಇದೆಯಾ ಕೇಳಿಕೊಳ್ಳಿ.

ಅವಧಿ ಮುಗಿಯುವ ಮುಂಚೆಯೇ ಹೋಗಿ. ಆಮೇಲೆ ದಿನಕ್ಕೆ 50 ರೂಪಾಯಿ ಏರುತ್ತಾ ಹೋಗುತ್ತದೆ.

ಹುಲಿಗಿ_ಜೆರಾಕ್ಸ್:

50 ರೂಪಾಯಿ ಹೋಗಲಿ ಅಣ್ಣ. ಎಫ್‌ಸಿ ಇಲ್ಲದ ಟ್ಯಾಕ್ಸಿ ಕಾಯ್ದೆ ಪ್ರಕಾರ ರಿಜಿಸ್ಟ್ರೇಷನ್ ಇಲ್ಲದ ಗಾಡಿಗೆ ಸಮ. ಆ ಸ್ಥಿತಿಯಲ್ಲಿ ಭಕ್ತರನ್ನು ಕೂರಿಸಿಕೊಂಡು ಏನಾದರೂ ಆದರೆ ಇನ್ಶೂರೆನ್ಸ್‌ನವರ ಮುಂದೆ ನಿಲ್ಲುವವರು ಯಾರು? ಅಪ್ಪ ಅಂತೂ ಈ ವಿಷಯದಲ್ಲಿ ಕಟ್ಟುನಿಟ್ಟು. ಸೀಟ್ ಬೆಲ್ಟ್ ಹಾಕುವುದಿಲ್ಲ, ಎಫ್‌ಸಿ ಮಾತ್ರ ಒಂದು ದಿನ ತಪ್ಪಿಸಿಲ್ಲ.

ಎಲ್ಲ ಬರೆದುಕೊಂಡಿದ್ದೇನೆ. ನಾಳೆ ಹೊಸಪೇಟೆಗೆ ಗಾಡಿ ಒಯ್ಯುತ್ತೇನೆ, ಆಮೇಲೆ ಬಂದು ಹೇಳುತ್ತೇನೆ.

ಹುಲಿಗಿ_ಜೆರಾಕ್ಸ್:

ಬಂದೆ. ಕೆಲಸ ಆಯಿತು, ಏನೇನಾಯಿತು ಎಂದು ಬರೆಯುತ್ತೇನೆ. ಹಳೇ ಡೀಸೆಲ್ ಇಟ್ಟುಕೊಂಡ ಬೇರೆಯವರಿಗೂ ಉಪಯೋಗ ಆಗಲಿ.

ಏರ್ ಫಿಲ್ಟರ್ ಡಬ್ಬಿ ಬಿಚ್ಚಿದಾಗ ಮೇಸ್ತ್ರಿ ನನ್ನನ್ನು ಕರೆದು ತೋರಿಸಿದರು. ಕಾಗದದ ಮಡಿಕೆ ಕಾಣಿಸುತ್ತಲೇ ಇರಲಿಲ್ಲ. ಇಟ್ಟಿಗೆ ಬಣ್ಣದ ಹಿಟ್ಟು, ಅದರ ಮಧ್ಯೆ ಒಂದು ಬೇವಿನ ಎಲೆ. ನೆಲಕ್ಕೆ ಮೆಲ್ಲಗೆ ತಟ್ಟಿದರೆ ಸಣ್ಣ ಗುಡ್ಡೆ ಬಿತ್ತು. ಹೊಸ ಫಿಲ್ಟರ್ ಹಾಕಿ ಸ್ಟಾರ್ಟ್ ಮಾಡಿದಾಗ ಇಂಜಿನ್ ಸದ್ದೇ ಬದಲಾದ ಹಾಗೆ ನನಗೆ ಕೇಳಿಸಿತು. ಮೇಸ್ತ್ರಿ ನಕ್ಕರು, ಅದು ನಿಮ್ಮ ಭ್ರಮೆ ಅಂದರು.

ನಾಜಲ್ ಟೆಸ್ಟ್ ಮಾಡುವಾಗ ನಾಜಲ್ ಅಣ್ಣ ಹೇಳಿದ ಹಾಗೆ ಪಕ್ಕದಲ್ಲೇ ನಿಂತೆ. ಗೇಜ್ ಇರುವ ಸಣ್ಣ ಮೆಷಿನ್, ಉದ್ದ ಹ್ಯಾಂಡಲ್. ಒಂದನೇದು ಟಕ್ ಎಂದು ಮಂಜು ಬಿಟ್ಟಿತು. ಎರಡನೇದೂ ಸರಿ. ಮೂರನೇದು ಒತ್ತುತ್ತಿದ್ದ ಹಾಗೆ ತುದಿಯಲ್ಲಿ ಒಂದು ಹನಿ ದಪ್ಪಗಾಗಿ ನಿಂತು ಕೆಳಗೆ ಬಿತ್ತು, ಸದ್ದೇ ಇಲ್ಲ. ನಾಲ್ಕನೇದು ಎಡಕ್ಕೆ ಮಾತ್ರ ಉಗುಳಿತು. ಮೇಸ್ತ್ರಿ ಏನೂ ಹೇಳಬೇಕಾಗಲಿಲ್ಲ. ಎರಡೇ ಬದಲಾಯಿಸಿ ಸಾಕು ಎಂದು ನಾನು ಕೇಳಿದೆ. ಅವರು ನಾಲ್ಕನ್ನೂ ಒಂದೇ ಪ್ರೆಶರ್‌ಗೆ ಕೂರಿಸಬೇಕು, ಇಲ್ಲದಿದ್ದರೆ ಇಂಜಿನ್ ನಡುಗುತ್ತದೆ ಎಂದು ಚೆನ್ನಾಗಿದ್ದ ಎರಡನ್ನು ಕ್ಲೀನ್ ಮಾಡಿ ಸೆಟ್ ಮಾಡಿದರು. ಪಂಪಿನ ಸ್ಕ್ರೂ ಸೀಲ್ ಹಾಗೇ ಇತ್ತು. ಈ ವಿಷಯದಲ್ಲಿ ಅಪ್ಪನ ಮೇಲಿನ ನನ್ನ ಅನುಮಾನ ಹೋಯಿತು.

ಟೈಮಿಂಗ್ ಬೆಲ್ಟ್ ಬಿಚ್ಚಿ ನೋಡಿದರೆ ಒಳಮೈ ಪೂರ್ತಿ ಬಿರುಕು. ಅದನ್ನು ಮನೆಗೆ ತಂದು ಅಪ್ಪನ ಕೈಗೆ ಕೊಟ್ಟೆ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡೇ ಬಗ್ಗಿಸಿ ನೋಡಿದರು. "ಇನ್ನೂ ಒಂದು ಹುಣ್ಣಿಮೆ ಬರುತ್ತಿತ್ತು" ಅಂದರು.

ಫಿಲ್ಟರ್, ಆಯಿಲ್, ನಾಜಲ್, ಬೆಲ್ಟ್, ಕೂಲಿ ಎಲ್ಲ ಸೇರಿ ಪಕ್ಕದ ಮನೆಯವರು ಹೇಳಿದ ಮೊತ್ತದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಬಂತು. ಅದರಲ್ಲೂ ದೊಡ್ಡ ಪಾಲು ಬೆಲ್ಟಿನದು, ಹೊಗೆಗೂ ಅದಕ್ಕೂ ಸಂಬಂಧ ಇಲ್ಲ.

ಹೈವೇಯಲ್ಲಿ ಮೂರನೇ ಗೇರ್‌ನಲ್ಲಿ ಎಳೆದು ಓಡಿಸಿ ಅದೇ ಎಮಿಷನ್ ಸೆಂಟರ್‌ಗೆ ಹೋದೆ. ಅದೇ ಹುಡುಗ. ಮೀಟರ್ 44. ಅವನೇ ಎರಡು ಸಲ ನೋಡಿಕೊಂಡ. ನಂಬರ್ ಪ್ಲೇಟ್ ಕಾಣುವ ಹಾಗೆ ಫೋಟೊ ತೆಗೆದು ಅಪ್‌ಲೋಡ್ ಮಾಡಿ ಸರ್ಟಿಫಿಕೇಟ್ ಕೊಟ್ಟ. ಬಿಎಸ್-3 ಗಾಡಿಗೆ ಇದು ಆರು ತಿಂಗಳಿಗೆ ಮಾತ್ರ ಎಂದು ಮರೆಯಬೇಡಿ. ವರ್ಷದ ಎಫ್‌ಸಿ ಸಿಕ್ಕಿದೆ ಎಂದು ಇದನ್ನು ಮರೆತು ದಂಡ ಕಟ್ಟಲು ನನ್ನ ಅಂಗಡಿಗೆ ಬರುವವರು ಬಹಳ.

ಇನ್ನು ಎಫ್‌ಸಿ ದಿನ. ಶಕ್ತಿನಗರದ ಅಣ್ಣಾ, ನಂಬರ್ ಪ್ಲೇಟ್ ಬಲ್ಬ್ ನಮ್ಮದೂ ಉರಿಯುತ್ತಿರಲಿಲ್ಲ! ಹಿಂದಿನ ರಾತ್ರಿ ಹಾಕಿದೆ, 20 ರೂಪಾಯಿ. ಹಿಂದಿನ ಸೀಟ್ ಬೆಲ್ಟ್ ಸೀಟ್ ಕೆಳಗೇ ಸಿಕ್ಕಿತು. ಕಡಲೆಕಾಯಿ ಸಿಪ್ಪೆ ಇರಲಿಲ್ಲ, ಗುಡಿಯ ಭಂಡಾರ ಇತ್ತು, ಇಡೀ ಬೆಲ್ಟ್ ಅರಿಶಿನ.

ಇನ್‌ಸ್ಪೆಕ್ಟರ್ ಮೊದಲು ಚಾಸಿ ನಂಬರ್ ನೋಡಿದರು. ಒರೆಸಿ ಇಟ್ಟಿದ್ದು ನೋಡಿ ಏನೂ ಮಾತಾಡಲಿಲ್ಲ, ಮುಂದೆ ಹೋದರು. ಲೈಟ್, ವೈಪರ್, ಹಾರ್ನ್ ಆಯಿತು. ನನ್ನನ್ನೇ ಓಡಿಸಲು ಹೇಳಿ ಪಕ್ಕದಲ್ಲಿ ಕೂತು ಗಕ್ಕನೆ ಬ್ರೇಕ್ ಹಾಕಿಸಿದರು. ಹ್ಯಾಂಡ್ ಬ್ರೇಕ್ ಎಳೆದು ಫಸ್ಟ್ ಗೇರ್‌ನಲ್ಲಿ ಮೆಲ್ಲಗೆ ಕ್ಲಚ್ ಬಿಡಿ ಅಂದರು, ಗಾಡಿ ಕೂತು ಇಂಜಿನ್ ಆಫ್ ಆಯಿತು. ಅದನ್ನೇ ನೋಡಬೇಕಿತ್ತಂತೆ.

ಸಿಕ್ಕಿಬಿದ್ದದ್ದು ನಿಮ್ಮಲ್ಲಿ ಯಾರೂ ಹೇಳದ ಒಂದರಲ್ಲಿ. ಮುಂದಿನ ಗ್ಲಾಸ್ ಮೇಲೆ ಅಪ್ಪ ದೊಡ್ಡ ಅಕ್ಷರದಲ್ಲಿ "ಶ್ರೀ ಹುಲಿಗೆಮ್ಮ ದೇವಿ ಪ್ರಸನ್ನ" ಎಂದು ಅಂಟಿಸಿದ್ದಾರೆ, ಎರಡೂ ಕಡೆ ದೇವಿಯ ಚಿತ್ರ. ಮೇಲಿನ ಕಾಲು ಭಾಗ ಗ್ಲಾಸ್ ಅದರಲ್ಲೇ ಹೋಗಿದೆ. "ಇದನ್ನು ತೆಗೆಯಿರಿ, ಡ್ರೈವರ್‌ಗೆ ಏನು ಕಾಣುತ್ತದೆ?" ಅಂದರು ಇನ್‌ಸ್ಪೆಕ್ಟರ್. ಬರೆದು ಕೊಡಿ ಸರ್ ಅಂದೆ. ಅವರು ನನ್ನ ಮುಖ ನೋಡಿ, "ಬರೆದು ಕೊಟ್ಟರೆ ನಾಳೆ ಬರಬೇಕಾಗುತ್ತದೆ, ಬ್ಲೇಡ್ ಇದ್ದರೆ ಈಗಲೇ ಆಗುತ್ತದೆ" ಅಂದರು. ನ್ಯಾಯವಾದ ಮಾತು. ಅಪ್ಪನಿಗೆ ಫೋನ್ ಮಾಡಿದೆ. "ದೇವಿಯನ್ನು ಕೆರೆಯುತ್ತೀಯಾ?" ಎಂದು ಫೋನ್ ಇಟ್ಟರು. ಪಕ್ಕದ ಗಾಡಿಯ ಡ್ರೈವರ್ ಹತ್ತಿರ ಬ್ಲೇಡ್ ಇಸ್ಕೊಂಡು ಅಕ್ಷರ ಕೆರೆದೆ. ಚಿತ್ರಗಳನ್ನು ಬಿಸಿಲಿಗೆ ಮೆತ್ತಗಾದ ಮೇಲೆ ಹರಿಯದ ಹಾಗೆ ಬಿಡಿಸಿ ಡ್ಯಾಶ್‌ಬೋರ್ಡ್ ಒಳಗೆ ಇಟ್ಟೆ. ಎಫ್‌ಸಿ ಕೊಟ್ಟರು.

ನಾಜಲ್ ಅಣ್ಣ, ನಿಮ್ಮ ಅಂಗಡಿ ಬಳ್ಳಾರಿಯಲ್ಲಿ ಎಲ್ಲಿ ಬರುತ್ತದೆ? ಮುಂದಿನ ಸಲ ನೇರ ಅಲ್ಲಿಗೇ ಬರುತ್ತೇನೆ.

ನಾಜಲ್_ಬಳ್ಳಾರಿ:

44 ಎಂದರೆ ಆ ಇಂಜಿನ್‌ಗೆ ಬಹಳ ಚೆನ್ನಾಗಿದೆ ತಂಗಿ. ಅಪ್ಪ ಹೇಳಿದ ಹಾಗೆ ಕಲ್ಲೇ ಇದೆ. ಅಂಗಡಿ ಇಲ್ಲಿ ಹಾಕಿದರೆ ಜಾಹೀರಾತು ಎನ್ನುತ್ತಾರೆ, ಮೆಸೇಜ್ ಮಾಡುತ್ತೇನೆ. ಏರ್ ಫಿಲ್ಟರ್ ಮಾತ್ರ ಮುಂದಿನ ಎಫ್‌ಸಿ ತನಕ ಕಾಯಬೇಡಿ. ನಮ್ಮ ರಸ್ತೆಗೆ ಕಂಪನಿ ಪುಸ್ತಕದ ಕಿಲೋಮೀಟರ್ ಲೆಕ್ಕ ನಡೆಯುವುದಿಲ್ಲ. ಆಯಿಲ್ ಬದಲಾಯಿಸಿದಾಗಲೆಲ್ಲ ಬಿಚ್ಚಿ ನೋಡಿ.

ಮಾನ್ವಿ_ಹತ್ತಿ:

ನಡುವೆ ಬಂದೆ, ಬೇಜಾರು ಮಾಡಿಕೊಳ್ಳಬೇಡಿ. ನಂದು ಬಿಳಿ ಬೋರ್ಡ್, ಸ್ವಂತ ಬಳಕೆ, ಹಳೇ ಬೊಲೆರೊ ಡೀಸೆಲ್. ಹತ್ತು ವರ್ಷ ಆದ ಡೀಸೆಲ್ ಗಾಡಿ ಗುಜರಿಗೆ ಹಾಕಬೇಕು ಎಂದು ನಮ್ಮ ಊರಲ್ಲಿ ಹೆದರಿಸುತ್ತಿದ್ದಾರೆ. ಒಬ್ಬ ವ್ಯಾಪಾರಿ ಬಂದು ಈಗಲೇ ಕೊಟ್ಟರೆ ಇಷ್ಟು ಕೊಡುತ್ತೇನೆ, ಆಮೇಲೆ ಕಬ್ಬಿಣದ ರೇಟ್ ಎಂದ. ನಿಜಾನಾ? ನನಗೂ ವರ್ಷ ವರ್ಷ ಎಫ್‌ಸಿ ಮಾಡಿಸಬೇಕಾ?

ಹುಲಿಗಿ_ಜೆರಾಕ್ಸ್:

ಮಾನ್ವಿ ಅಣ್ಣ, ಗಾಡಿ ಕೊಡಬೇಡಿ. ಹತ್ತು ವರ್ಷದ ಮಾತು ದೆಹಲಿ ಮತ್ತು ಅದರ ಸುತ್ತಲಿನ ಜಿಲ್ಲೆಗಳದ್ದು. 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿದದ್ದು. ರಾಯಚೂರಿಗೆ ಅದು ಬರುವುದಿಲ್ಲ.

ಬಿಳಿ ಬೋರ್ಡ್‌ಗೆ ವರ್ಷ ವರ್ಷದ ಎಫ್‌ಸಿಯೂ ಇಲ್ಲ. ಮೊದಲ 15 ವರ್ಷ ಆರ್‌ಸಿಯೇ ಸಾಕು. ಆಮೇಲೆ ಗಾಡಿ ತೋರಿಸಿ ರಿನ್ಯೂ ಮಾಡಿಸಬೇಕು, ಐದು ವರ್ಷಕ್ಕೆ ಸಿಗುತ್ತದೆ. ಅರ್ಜಿ ಫಾರಂ 25. ಅವಧಿ ಮುಗಿಯುವ 60 ದಿನ ಮುಂಚಿನಿಂದ ಹಾಕಬಹುದು. ಫೀ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. ತಡ ಮಾಡಿದರೆ ತಿಂಗಳಿಗೆ 500 ಮೇಲೆ. ಇದರ ಜೊತೆ ಹಸಿರು ತೆರಿಗೆ ಬೇರೆ ಇದೆ. 20 ವರ್ಷ ದಾಟಿದರೆ ಫೀ ಇನ್ನೂ ಜಾಸ್ತಿ. ಕಟ್ಟುವ ಮುಂಚೆ ಪೋರ್ಟಲ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿ, ಅಲ್ಲಿ ಬರುವ ಮೊತ್ತವೇ ಲೆಕ್ಕ, ಆ ವ್ಯಾಪಾರಿ ಹೇಳಿದ್ದಲ್ಲ.

ಆರ್‌ಸಿ ಕಾರ್ಡ್‌ನಲ್ಲಿ ರಿಜಿಸ್ಟ್ರೇಷನ್ ಯಾವ ತಾರೀಕಿನವರೆಗೆ ಎಂದು ಬರೆದಿರುತ್ತದೆ. ಅದನ್ನು ನೋಡಿ ಇಲ್ಲಿ ಹಾಕಿ, ಎಷ್ಟು ಟೈಮ್ ಇದೆ ಹೇಳುತ್ತೇನೆ. ಗಾಡಿ ನಂಬರ್ ಇಲ್ಲಿ ಬರೆಯಬೇಡಿ, ತಾರೀಕು ಮಾತ್ರ ಸಾಕು.